ನಿಂತ ಕಾರು, ಒಳಗೆ ಗಿಟಾರ್: ಬಿಸಿಲುಗಾಲದ ಓಡಾಟಕ್ಕೆ ಒಂದು ಮಾರ್ಗದರ್ಶಿ

ಮಾರ್ಚ್‌ನಿಂದ ಮೇ ಕೊನೆಯವರೆಗೆ ಮೈಸೂರು-ಮಂಡ್ಯ ಸೀಮೆಗೆ ಮದುವೆ, ಊರಹಬ್ಬ, ಬಿಸಿಲು ಮೂರೂ ಒಟ್ಟಿಗೇ ಬರುತ್ತವೆ. ಆರ್ಕೆಸ್ಟ್ರಾದವರಿಗೆ ಕೈತುಂಬ ಕೆಲಸ. ಬೆಳಿಗ್ಗೆ ಮೈಸೂರಿನಲ್ಲಿ ಪ್ರಾಕ್ಟೀಸ್, ಸಂಜೆ ಮಂಡ್ಯದ ಯಾವುದೋ ಛತ್ರದಲ್ಲಿ ಆರತಕ್ಷತೆ, ಅದಕ್ಕೆ ಮಧ್ಯಾಹ್ನ ಮೂರಕ್ಕೇ ಸೌಂಡ್ ಚೆಕ್. ಈ ಓಡಾಟದಲ್ಲಿ ಕೀಬೋರ್ಡು, ರಿದಂ ಪ್ಯಾಡು ಹೇಗೋ ಬಚಾವಾಗುತ್ತವೆ. ಮರ, ಅಂಟು, ಮೇಣ, ತಂತಿ ಎಲ್ಲ ಸೇರಿ ಆದ ಎಲೆಕ್ಟ್ರಿಕ್ ಗಿಟಾರ್ ಬಗ್ಗೆ ಆ ಧೈರ್ಯ ಬೇಡ.

"ಅಕೂಸ್ಟಿಕ್ ಆದ್ರೆ ಸರಿ, ಇದು ಗಟ್ಟಿ ಹಲಗೆ ತಾನೆ, ಇದಕ್ಕೇನಾಗುತ್ತೆ?" ಎಂದು ಕೇಳುವವರಿದ್ದಾರೆ. ಅವರು ಹೇಳುವುದು ಅರ್ಧ ಸರಿ. ಒಳಗೆ ಟೊಳ್ಳಿರುವ ಅಕೂಸ್ಟಿಕ್ ಗಿಟಾರ್‌ನ ಮೇಲ್ಹಲಗೆ ತೆಳು, ಅದರ ಬ್ರಿಡ್ಜ್ (ತಂತಿಗಳ ಬುಡ ಕೂರುವ ಪಟ್ಟಿ) ಬರೀ ಅಂಟಿನ ಮೇಲೆ ನಿಂತಿರುತ್ತದೆ, ಹಾಗಾಗಿ ಬಿಸಿಗೆ ಅದು ಮೊದಲು ಸೋಲುತ್ತದೆ. ಎಲೆಕ್ಟ್ರಿಕ್‌ನಲ್ಲಿ ಬಾಡಿಯ, ಅಂದರೆ ಒಡಲಿನ, ಮಟ್ಟಿಗೆ ಆ ಭಯವಿಲ್ಲ. ನೆಕ್ (ಕತ್ತು) ಮಾತ್ರ ಎರಡರಲ್ಲೂ ಒಂದೇ ಜಾತಿಯದು: ಉದ್ದ, ಸಣ್ಣ, ಸಾಮಾನ್ಯವಾಗಿ ಮೇಲೆ ಅಂಟಿಸಿದ ಫ್ರೆಟ್‌ಬೋರ್ಡ್ (ಬೆರಳೊತ್ತುವ ಹಲಗೆ), ಅದನ್ನು ಹಗಲೂ ರಾತ್ರಿ, ಎಲೆಕ್ಟ್ರಿಕ್‌ನಲ್ಲಾದರೆ 40 ಕೆ.ಜಿ. ಆಸುಪಾಸಿನಲ್ಲಿ, ಎಳೆಯುತ್ತಿರುವ ಆರು ತಂತಿ.

ದಾರಿಯ ದೂರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೈಸೂರಿನಿಂದ ಮಂಡ್ಯಕ್ಕೆ 45 ಕಿ.ಮೀ. ಚಿಲ್ಲರೆ, 2023ರಲ್ಲಿ ಎಕ್ಸ್‌ಪ್ರೆಸ್‌ವೇ ತೆರೆದ ಮೇಲಂತೂ ಗಂಟೆಯೊಳಗಿನ ಹಾದಿ. ಎ.ಸಿ. ಹಾಕಿಕೊಂಡು ಓಡುವ ಕಾರಿನಲ್ಲಿ ನಿಮಗೆ ಹಿತವಾಗಿದ್ದರೆ ಗಿಟಾರ್‌ಗೂ ಹಿತವೇ. ಕೆಡುವುದೆಲ್ಲ ಕಾರು ನಿಂತಾಗ. ಹೊರಗೆ 35 ಡಿಗ್ರಿ ಇದ್ದರೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಗಾಳಿ ಹತ್ತು ನಿಮಿಷಕ್ಕೆ ಸುಮಾರು 45 ಮುಟ್ಟುತ್ತದೆ, ಅರ್ಧ ಗಂಟೆಗೆ 54ರ ಹತ್ತಿರ, ಒಂದು ಗಂಟೆಗೆ 60ರ ಅಂಚು. ಬಿಸಿಲು ನೇರ ಬೀಳುವ ಡ್ಯಾಶ್‌ಬೋರ್ಡು, ಹಿಂದಿನ ಗಾಜಿನ ಕೆಳಗಿನ ಹಲಗೆ 70 ದಾಟುವುದುಂಟು. ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಮುಗಿದಿರುತ್ತದೆ ಎಂಬುದನ್ನು ಗಮನಿಸಿ. "ಐದು ನಿಮಿಷ ಕಾಫಿ ಕುಡ್ಕೊಂಡು ಬರೋಣ" ಎಂದು ಇಳಿದವರು ಐದೇ ನಿಮಿಷಕ್ಕೆ ವಾಪಸ್ ಬಂದದ್ದನ್ನು ಯಾರಾದರೂ ಕಂಡಿದ್ದರೆ ಹೇಳಿ.

ಬಿಸಿಗೆ ಏನೇನು ಸೋಲುತ್ತದೆ

ಮೊದಲು ಅಂಟು. ಮರಗೆಲಸಕ್ಕೆ ಬಳಸುವ ಸಾಮಾನ್ಯ ಅಂಟುಗಳು 60-65 ಡಿಗ್ರಿ ಹೊತ್ತಿಗೆ ಹಿಡಿತ ಸಡಿಲಿಸತೊಡಗುತ್ತವೆ. ತಂತಿಯ ಎಳೆತವೂ ಜೊತೆಗಿದ್ದರೆ ಅದಕ್ಕೂ ಮೊದಲೇ ಕೂಡಿದ ಜಾಗ ಕೂದಲೆಳೆಯಷ್ಟು ಜಾರಬಹುದು. ಲೆಸ್ ಪಾಲ್ ಮಾದರಿಯ ಗಿಟಾರ್‌ಗಳಲ್ಲಿ ನೆಕ್ಕನ್ನು ಬಾಡಿಗೆ ಅಂಟಿಸಿರುತ್ತಾರೆ. ಸ್ಟ್ರಾಟೊಕಾಸ್ಟರ್, ಟೆಲಿಕಾಸ್ಟರ್ ಮಾದರಿಯಲ್ಲಿ ಸ್ಕ್ರೂ ಹಾಕಿ ಬಿಗಿದಿರುತ್ತಾರೆ, ಆ ಮಟ್ಟಿಗೆ ಅವು ಗಟ್ಟಿ. ಆದರೆ ಬೀಟೆಯ ಫ್ರೆಟ್‌ಬೋರ್ಡ್ ಇದ್ದರೆ ಅದನ್ನು ಕೂರಿಸಿರುವುದು ಎರಡರಲ್ಲೂ ಅಂಟಿನಿಂದಲೇ. ಮೈಸೂರಿನ ಕುಸುರಿ ಕೆಲಸದವರು ನೂರಾರು ವರ್ಷದಿಂದ ಬಳಸುತ್ತಿರುವ ಅದೇ ಬೀಟೆ ಮರ, ಹೊರದೇಶದ ಗಿಟಾರ್ ಕಂಪನಿಗಳ ಭಾಷೆಯಲ್ಲಿ 'ಇಂಡಿಯನ್ ರೋಸ್‌ವುಡ್'.

ಎರಡನೆಯದು ಮೇಣ, ಇದರ ಬಗ್ಗೆ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ತಂತಿಯ ಕಂಪನವನ್ನು ವಿದ್ಯುತ್ತಾಗಿಸಿ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಕಳಿಸುವ ಪಿಕಪ್‌ನ ಒಳಗೆ ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಆ ಸುತ್ತುಗಳು ಅಲುಗದಿರಲೆಂದು ಕರಗಿದ ಮೇಣದಲ್ಲಿ ಅದ್ದಿ ತೆಗೆಯುತ್ತಾರೆ. ಮೇಣ ಕರಗುವುದು 60 ಡಿಗ್ರಿ ಆಸುಪಾಸಿನಲ್ಲಿ, ಅಂದರೆ ನಿಂತ ಕಾರಿನ ಶಾಖಕ್ಕೆ ಕೈಗೆಟಕುವ ದೂರದಲ್ಲೇ. ಮೇಣ ಇಳಿದುಹೋದರೆ ಸುತ್ತುಗಳು ಸಡಿಲವಾಗಿ, ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಪರಿಣಾಮ) ಏರಿಸಿದ ಕೂಡಲೇ ಪಿಕಪ್ ಕೀರಲು ಶುರುಮಾಡುತ್ತದೆ. ಆಂಪ್ ಕೆಟ್ಟಿದೆ, ಕೇಬಲ್ ಕೆಟ್ಟಿದೆ ಎಂದು ಹುಡುಕುತ್ತ ಕೂರುವವರು ಪಿಕಪ್ ಕಡೆ ನೋಡುವುದೇ ಕಡಿಮೆ. ಎಪಾಕ್ಸಿ ತುಂಬಿಸಿದ ಇ.ಎಂ.ಜಿ. ಥರದ ಪಿಕಪ್‌ಗಳಿಗೆ ಈ ಕಾಟ ಇಲ್ಲ. ಪಿಕಪ್‌ನ ಅಯಸ್ಕಾಂತಕ್ಕೂ ಕಾರಿನ ಬಿಸಿಯಿಂದ ಏನೂ ಆಗುವುದಿಲ್ಲ, ಅದರ ಶಕ್ತಿ ಹೋಗಬೇಕಾದರೆ ನೂರಾರು ಡಿಗ್ರಿ ಬೇಕು.

ಮೇಣದ ಮಾತನ್ನು ಮೈಸೂರಿನ ವೀಣೆಯವರ ಮುಂದೆ ಹೇಳಿದರೆ ನಕ್ಕುಬಿಡುತ್ತಾರೆ. ವೀಣೆಯ 24 ಮೆಟ್ಟಿಲುಗಳು ನಿಂತಿರುವುದೇ ಇದ್ದಿಲ ಪುಡಿ ಬೆರೆಸಿದ ಮೇಣದ ಮೇಲೆ. ಬಿಸಿಲಿಗೆ ಬಿದ್ದರೆ ಮೆಟ್ಟಿಲು ಜಾರಿ ಸ್ವರಸ್ಥಾನ ಕೆಡುತ್ತದೆ, ಮತ್ತೆ ಮೇಳ ಕಟ್ಟಿಸಬೇಕು, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಹೊಸದಾಗಿ ಕೂರಿಸಬೇಕು. ಹಾಗಾಗಿ ವೀಣೆಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗುವ ವಿದ್ವಾಂಸರು ಸಿಗುವುದು ಕಷ್ಟ. ಗಿಟಾರ್‌ನ ಮೇಣ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಈಗಿನ ಬಹುತೇಕ ಗಿಟಾರ್‌ಗಳ ಮೇಲಿರುವುದು ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್, ಗಟ್ಟಿ ಪದರ. ಹಳೆಯ ಅಥವಾ ದುಬಾರಿ ಗಿಟಾರ್ ಆಗಿದ್ದು ನೈಟ್ರೊಸೆಲ್ಯುಲೋಸ್ ಲ್ಯಾಕರ್ ಇದ್ದರೆ ಮಾತ್ರ ಹುಷಾರು. ಅದು ಬಿಸಿಗೆ ಮೆತ್ತಗಾಗಿ ಬ್ಯಾಗಿನ ರಬ್ಬರ್, ರೆಕ್ಸಿನ್ ಭಾಗಕ್ಕೆ ಅಂಟಿಕೊಳ್ಳುತ್ತದೆ, ಬಿಸಿಯಿಂದ ಫಕ್ಕನೆ ತಂಪಿಗೆ ಬಂದರೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ.

ಇನ್ನು ಒಣಹವೆ. ಬಿಸಿ ಕಾರಿನೊಳಗೆ, ಹಾಗೆಯೇ ಎ.ಸಿ. ಗಾಳಿಯಲ್ಲೂ, ಮರ ತೇವ ಕಳೆದುಕೊಂಡು ಕುಗ್ಗುತ್ತದೆ. ಫ್ರೆಟ್‌ಗಳು, ಅಂದರೆ ನೆಕ್ಕಿನ ಮೇಲಿನ ಅಡ್ಡಪಟ್ಟಿಗಳು, ಲೋಹ, ಅವು ಕುಗ್ಗುವುದಿಲ್ಲ. ಏಪ್ರಿಲ್‌ನಲ್ಲಿ ನೆಕ್ಕಿನ ಅಂಚಿನ ಮೇಲೆ ಕೈ ಜಾರಿಸಿದಾಗ ಗರಗಸದಂತೆ ಚುಚ್ಚುವುದು ಇದಕ್ಕೇ.

ಹೊರಡುವ ಮುಂಚೆ

ಹಾರ್ಡ್ ಕೇಸ್ ಇದ್ದರೆ ಅದನ್ನೇ ಬಳಸಿ. ಒಳಗಿನ ಫೋಮು, ಹೊರಗಿನ ಹಲಗೆ ಸೇರಿ ಶಾಖ ಒಳಗಿಳಿಯುವುದನ್ನು ನಿಧಾನ ಮಾಡುತ್ತವೆ. ನಿಧಾನ ಮಾಡುತ್ತವೆ, ತಡೆಯುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಕೇಸ್ ಕಾಪಾಡಬಹುದು, ಮೂರು ಗಂಟೆಯ ಮದುವೆ ಊಟಕ್ಕೆ ಕಾಪಾಡುವುದಿಲ್ಲ. ಬರೀ ಬಟ್ಟೆಯ ಗಿಗ್ ಬ್ಯಾಗ್ ಇದ್ದವರು ದಪ್ಪ ಪ್ಯಾಡಿಂಗ್ ಇರುವುದನ್ನು ಕೊಳ್ಳುವುದು ಒಳ್ಳೆಯದು.

ಕೇಸು, ಬ್ಯಾಗು ಎಲ್ಲ ಕಪ್ಪು ಬಣ್ಣದಲ್ಲೇ ಯಾಕೆ ಮಾಡುತ್ತಾರೋ, ನಮ್ಮ ಬಿಸಿಲಿಗಂತೂ ಅದಕ್ಕಿಂತ ಕೆಟ್ಟ ಬಣ್ಣ ಇಲ್ಲ. ಮನೆಯಲ್ಲಿರುವ ಹಳೇ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಮೇಲೆ ಹೊದಿಸಿ, ನೇರ ಬಿಸಿಲು ಬಿದ್ದರೂ ಕೇಸು ಸುಡುವುದಿಲ್ಲ. ಕಂಬಳಿ ಸುತ್ತಬಹುದೇ ಎಂದು ಕೇಳುತ್ತಾರೆ. ಸುತ್ತಬಹುದು, ಆದರೆ ಗಿಟಾರ್ ತಂಪಾಗಿದ್ದಾಗ ಸುತ್ತಬೇಕು. ಬಿಸಿಯಾದ ಮೇಲೆ ಸುತ್ತಿದರೆ ಆ ಬಿಸಿಯನ್ನೇ ಒಳಗೆ ಹಿಡಿದಿಡುತ್ತದೆ. ಐಸ್ ಪ್ಯಾಕ್, ತಣ್ಣೀರಿನ ಬಾಟಲಿ ಕೇಸಿನೊಳಗೆ ಇಡುವುದು ಮಾತ್ರ ಬೇಡವೇ ಬೇಡ. ಹೊರಮೈಗೆ ಕಟ್ಟುವ ಬೆವರ ಹನಿ ಪಿಕಪ್‌ಗೆ, ತಂತಿಗೆ, ಮರಕ್ಕೆ ಇಳಿಯುತ್ತದೆ.

ತಂತಿ ಸಡಿಲ ಮಾಡಬೇಕೇ? ಒಬ್ಬೊಬ್ಬರದು ಒಂದೊಂದು ಮಾತು. ಎ.ಸಿ. ಕಾರಿನಲ್ಲಿ ಎಲ್ಲೂ ನಿಲ್ಲಿಸದೆ ಮಂಡ್ಯಕ್ಕೆ ಹೋಗಿ ಬರುವುದಾದರೆ ಮುಟ್ಟುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಇಡೀ ದಿನದ ತಿರುಗಾಟ, ಬಿಸಿಲಲ್ಲಿ ನಿಲ್ಲುವ ಸಂಭವ ಇದ್ದರೆ ಅರ್ಧ ಅಥವಾ ಒಂದು ಸ್ವರದಷ್ಟು ಇಳಿಸಿ, ಸಾಕು. ಪೂರ್ತಿ ಸಡಿಲ ಬಿಡಬೇಡಿ. ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು ತಂತಿಯ ಎಳೆತಕ್ಕೆ ಎದುರಾಗಿ ಎಳೆಯುತ್ತಿರುತ್ತದೆ. ತಂತಿ ಕೈಬಿಟ್ಟರೆ ಸರಳಿನ ಎಳೆತವೊಂದೇ ಉಳಿದು, ಅದೂ ಬಿಸಿಯಲ್ಲಿ, ನೆಕ್ ಹಿಂದಕ್ಕೆ ಬಾಗಬಹುದು. ಫ್ಲಾಯ್ಡ್ ರೋಸ್ ಥರದ ತೇಲುವ ಬ್ರಿಡ್ಜ್ ಇರುವವರು ಇಳಿಸುವ ಮೊದಲು ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯ) ಲಾಕ್ ಬಿಚ್ಚಿ, ಬ್ರಿಡ್ಜಿನ ಕೆಳಗೆ ಮಡಚಿದ ಬಟ್ಟೆ ಕೊಡಿ. ಇಲ್ಲದಿದ್ದರೆ ಸ್ಪ್ರಿಂಗ್‌ಗಳು ಬ್ರಿಡ್ಜನ್ನು ಒಳಕ್ಕೆ ಎಳೆದುಕೊಂಡು, ಮತ್ತೆ ಶ್ರುತಿ ಮಾಡುವಷ್ಟರಲ್ಲಿ ಛತ್ರದಲ್ಲಿ ಮೊದಲ ಪಂಕ್ತಿ ಎದ್ದಿರುತ್ತದೆ.

ಆಕ್ಟಿವ್ (ಬ್ಯಾಟರಿಯಿಂದ ನಡೆಯುವ) ಪಿಕಪ್ ಇದ್ದರೆ 9 ವೋಲ್ಟ್ ಬ್ಯಾಟರಿ ತೆಗೆದು ಬೇರೆ ಇಟ್ಟುಕೊಳ್ಳಿ, ಬಿಸಿಗೆ ಸೋರಿದರೆ ಒಳಗಿನ ವೈರಿಂಗ್ ಹಾಳು. ವೈರ್‌ಲೆಸ್ ಟ್ರಾನ್ಸ್‌ಮಿಟರ್, ಪವರ್ ಬ್ಯಾಂಕ್‌ನಂಥ ಲಿಥಿಯಂ ಬ್ಯಾಟರಿಯ ಸಾಮಾನುಗಳನ್ನು ಕೇಸಿನ ಖಾನೆಯಲ್ಲಿ ಬಿಡಬೇಡಿ. ನಿಂತ ಕಾರಿನಲ್ಲಿ ಅವು ಗಿಟಾರ್‌ಗಿಂತ ದೊಡ್ಡ ತಲೆನೋವು.

ಒಂದು ಚಿಕ್ಕ ಡಿಜಿಟಲ್ ಥರ್ಮಾಮೀಟರ್, ತೇವಾಂಶವನ್ನೂ ತೋರಿಸುವಂಥದ್ದು, ಕೇಸಿನೊಳಗೆ ಹಾಕಿಡಿ. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ತೇವಾಂಶ ಶೇ. 45-55ರ ನಡುವೆ ಇದ್ದರೆ ಗಿಟಾರ್‌ಗೆ ನೆಮ್ಮದಿ. ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಬೇಸಿಗೆಯಲ್ಲಿ ತೆಗೆದಿಡಿ, ಅದರ ಕೆಲಸ ಮಳೆಗಾಲಕ್ಕೆ.

ಕಾರಿನಲ್ಲಿ ಎಲ್ಲಿಡಬೇಕು

ಬಾಡಿಗೆ ಕಾರಿನ ಡ್ರೈವರಣ್ಣ ಕೇಳುವ ಮೊದಲ ಪ್ರಶ್ನೆ: "ಮೇಲೆ ಕ್ಯಾರಿಯರ್‌ಗೆ ಕಟ್ಬುಡ್ಲಾ ಸಾರ್?" ಬೇಡ ಎನ್ನಿ. ಡ್ರಮ್‌ನ ಸ್ಟ್ಯಾಂಡು, ಸ್ಪೀಕರ್ ಸ್ಟ್ಯಾಂಡು ಬೇಕಾದರೆ ಮೇಲೆ ಹೋಗಲಿ. ಎರಡನೆಯದು ಡಿಕ್ಕಿ. ಸೆಡಾನ್ ಕಾರಿನ ಡಿಕ್ಕಿಗೆ ಗಾಜಿಲ್ಲ, ಹಾಗಾಗಿ ನಿಂತಾಗ ಒಳಗಿನ ಸೀಟಿನಷ್ಟು ಬೇಗ ಬಿಸಿಯಾಗುವುದಿಲ್ಲ. ಆದರೆ ಎ.ಸಿ. ಗಾಳಿಯೂ ಅಲ್ಲಿಗೆ ತಲುಪುವುದಿಲ್ಲ, ಬಿಸಿಯಾದದ್ದು ಆರುವುದೂ ಇಲ್ಲ. ಸಿ.ಎನ್.ಜಿ. ಟ್ಯಾಕ್ಸಿಯಾದರೆ ಅಲ್ಲಿ ಸಿಲಿಂಡರ್ ಕೂತಿರುತ್ತದೆ, ಜಾಗದ ಪ್ರಶ್ನೆಯೇ ಇಲ್ಲ. ಹ್ಯಾಚ್‌ಬ್ಯಾಕ್‌ನ ಡಿಕ್ಕಿಯಲ್ಲಿ ಒಂದು ಮೀಟರ್ ಮೀರಿದ ಕೇಸ್ ಅಡ್ಡಡ್ಡ ಕೂರುವುದು ಕಷ್ಟ. ಅದುಮಿ ಬಾಗಿಲು ಹಾಕಬೇಡಿ, ಹಿಂದಿನ ಸೀಟಿನ ಒಂದು ಭಾಗ ಮಡಚಿ ಉದ್ದಕ್ಕೆ ಮಲಗಿಸಿ.

ಎಲ್ಲಕ್ಕಿಂತ ಒಳ್ಳೆಯ ಜಾಗ ಹಿಂದಿನ ಸೀಟು. ಜನ ಜಾಸ್ತಿಯಾದರೆ ಮುಂದಿನ ಸೀಟಿನ ಬೆನ್ನಿಗೂ ಹಿಂದಿನವರ ಮಂಡಿಗೂ ನಡುವೆ ನಿಲ್ಲಿಸಿ. ಸೀಟ್ ಬೆಲ್ಟನ್ನು ಕೇಸಿನ ಹಿಡಿಗೆ ತೂರಿಸಿ ಹಾಕಿದರೆ ಬ್ರೇಕ್ ಹೊಡೆದಾಗ ಉರುಳುವುದಿಲ್ಲ. ಎ.ಸಿ.ಯ ಗಾಳಿ ನೇರ ಕೇಸಿನ ಮೇಲೆ ಬೀಸದಿರಲಿ.

ಯಾವ ಪಕ್ಕ ಎಂಬುದನ್ನೂ ಲೆಕ್ಕ ಹಾಕಬಹುದು. ಮೈಸೂರಿನಿಂದ ಬೆಂಗಳೂರಿನ ಕಡೆ ರಸ್ತೆ ಹೆಚ್ಚುಕಡಿಮೆ ಈಶಾನ್ಯಕ್ಕೆ ಹೋಗುತ್ತದೆ. ಮಧ್ಯಾಹ್ನದ ಮೇಲೆ ಆ ಕಡೆ ಹೊರಟರೆ ಬಿಸಿಲು ಹಿಂದಿನ ಗಾಜಿನಿಂದ, ಕೊಂಚ ಎಡಕ್ಕೆ ಒಳಬರುತ್ತದೆ, ಹ್ಯಾಚ್‌ಬ್ಯಾಕ್‌ನ ಡಿಕ್ಕಿಗೆ ನೇರ ಏಟು. ಸಂಜೆ ಮೈಸೂರಿಗೆ ವಾಪಸ್ಸಾಗುವಾಗ ಎದುರಿನಿಂದ, ಡ್ರೈವರ್ ಪಕ್ಕದಿಂದ ಬರುತ್ತದೆ. ಆಗ ಎಡಗಡೆಯ ಹಿಂದಿನ ಸೀಟು ನೆರಳಲ್ಲಿರುತ್ತದೆ.

ಕಾರು ಆಗಲೇ ಬಿಸಿಲಲ್ಲಿ ನಿಂತಿದ್ದರೆ ಗಿಟಾರನ್ನು ಕೂಡಲೇ ತೂರಿಸಬೇಡಿ. ನಾಲ್ಕೂ ಬಾಗಿಲು ತೆಗೆದು, ಎ.ಸಿ. ಹಾಕಿ, ಬಿಸಿ ಗಾಳಿ ಹೊರಹೋದ ಮೇಲೆ, ಕೊನೆಯ ಸಾಮಾನಾಗಿ ಅದನ್ನು ಒಳಗಿಡಿ. ಇಳಿಸುವಾಗ ಅದೇ ಮೊದಲನೆಯದು.

ಕಾರು ನಿಲ್ಲಿಸುವಾಗ

ಸುಲಭದ ಪರಿಹಾರ, ನಿಜವಾದ ಪರಿಹಾರ: ನೀವು ಇಳಿದರೆ ಗಿಟಾರೂ ಇಳಿಯಲಿ. ಮದ್ದೂರಿನಲ್ಲಿ ವಡೆ ತಿನ್ನಲು ಇಳಿದಿರಾ, ಬೆನ್ನಿಗೆ ಹಾಕಿಕೊಂಡು ಒಳಗೆ ಹೋಗಿ, ಪಕ್ಕದ ಕುರ್ಚಿಗೆ ಒರಗಿಸಿ. "ಏನ್ ಸಾರ್, ಪ್ರೋಗ್ರಾಮಾ?" ಎಂದು ಸಪ್ಲೈಯರ್ ಕೇಳುತ್ತಾನೆ, ಅಷ್ಟೇ. ಹೋಟೆಲಿನಲ್ಲಿ ಸಂಕೋಚಪಡುವವರು ಯೋಚಿಸಬೇಕಾದ ಇನ್ನೊಂದು ವಿಷಯ, ನಿಂತ ಕಾರಿನೊಳಗೆ ಕಾಣುವ ಗಿಟಾರ್ ಕಳ್ಳರ ಕಣ್ಣಿಗೂ ಕಾಣುತ್ತದೆ.

ಒಯ್ಯಲಾಗದ ಜಾಗಗಳೂ ಇವೆ. ಮೇಲುಕೋಟೆಯಲ್ಲಿ ಬೆಟ್ಟ ಹತ್ತಬೇಕು, ಶ್ರೀರಂಗಪಟ್ಟಣದಲ್ಲಿ ದರ್ಶನದ ಸಾಲಿನಲ್ಲಿ ನಿಲ್ಲಬೇಕು. ಅಂಥ ಕಡೆ ಸರದಿ ಮೇಲೆ ಒಬ್ಬರು ಕಾರಿನ ಬಳಿ ಉಳಿಯಲಿ, ಅಥವಾ ಗಿಟಾರನ್ನು ಮೊದಲು ಕಾರ್ಯಕ್ರಮದ ಜಾಗಕ್ಕೆ ಮುಟ್ಟಿಸಿ ಆಮೇಲೆ ದೇವರ ದರ್ಶನಕ್ಕೆ ಹೋಗಿ. ದಾರಿಯಲ್ಲಿ ನೆಂಟರ ಮನೆ ಇದ್ದರೆ ಅವರ ಹಜಾರದ ಮೂಲೆಗಿಂತ ಒಳ್ಳೆಯ ಜಾಗ ಇಲ್ಲ. ಮಕ್ಕಳಿದ್ದರೆ ಕೇಸಿಗೆ ಬೀಗ ಹಾಕಿ.

ಬಿಡಲೇಬೇಕಾಗಿ ಬಂದರೆ ನೆರಳು ಹುಡುಕಿ, ಆದರೆ ಈಗ ಇರುವ ನೆರಳನ್ನಲ್ಲ, ನೀವು ವಾಪಸ್ ಬರುವವರೆಗೂ ಇರುವ ನೆರಳನ್ನು. ಏಪ್ರಿಲ್ ಮೂರು-ನಾಲ್ಕನೇ ವಾರದಲ್ಲಿ ಮೈಸೂರು-ಮಂಡ್ಯದಲ್ಲಿ ಸೂರ್ಯ ನಡುಹಗಲಿಗೆ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕಂಬಕ್ಕೂ ನೆರಳಿಲ್ಲದ ದಿನ ಅದೇ ಹೊತ್ತಿನಲ್ಲಿ ಬರುತ್ತದೆ. ಆ ಸಮಯದಲ್ಲಿ ಕಟ್ಟಡದ ಪಕ್ಕದಲ್ಲಿ ನಿಲ್ಲಿಸಿದರೂ ನೆರಳು ಸಿಗುವುದಿಲ್ಲ, ಮರದ ಬುಡವೇ ಬೇಕು. ಮಧ್ಯಾಹ್ನದ ನಂತರ ನೆರಳು ಪೂರ್ವಕ್ಕೆ ಸರಿಯುತ್ತದೆ. ಆದ್ದರಿಂದ ಒಂದು ಗಂಟೆಯ ಊಟಕ್ಕೆ ಬಂದು ನಾಲ್ಕಕ್ಕೆ ಹೊರಡುವವರು ಛತ್ರದ ಅಥವಾ ಮರದ ಪೂರ್ವ ಪಕ್ಕದಲ್ಲಿ ನಿಲ್ಲಿಸಬೇಕು, ಬೆಳಗಿನ ಮುಹೂರ್ತಕ್ಕೆ ಬಂದವರು ಪಶ್ಚಿಮ ಪಕ್ಕದಲ್ಲಿ. ಹೊಂಗೆ ಮರ ಸಿಕ್ಕರೆ ಬಿಡಬೇಡಿ, ಬೇಸಿಗೆಯಲ್ಲಿ ಅದರಷ್ಟು ದಟ್ಟ ನೆರಳು ಕೊಡುವ ಮರ ಕಡಿಮೆ. ಮಾಲ್‌ನ ನೆಲಮಾಳಿಗೆ ಪಾರ್ಕಿಂಗ್‌ಗೆ ಕೊಡುವ ದುಡ್ಡು ದಂಡವಲ್ಲ.

ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿ ಹೋಗುವುದನ್ನು ನಂಬಿಕೊಳ್ಳಬೇಡಿ. ಒಳಗಿನ ಶಾಖದಲ್ಲಿ ಅದರಿಂದ ಆಗುವ ವ್ಯತ್ಯಾಸ ತೀರಾ ಅಲ್ಪ. ಮುಂದಿನ ಗಾಜಿಗೆ ಹಾಕುವ ಬೆಳ್ಳಿ ಹಾಳೆಯಿಂದ ಡ್ಯಾಶ್‌ಬೋರ್ಡಿಗೆ, ಸ್ಟೀರಿಂಗ್‌ಗೆ ಲಾಭವಿದೆ, ಒಳಗಿನ ಗಾಳಿಯೂ ಕೊಂಚ ಕಡಿಮೆ ಕಾಯುತ್ತದೆ. ಹಾಕಿ, ಆದರೆ ಅದಿದೆಯೆಂದು ಗಿಟಾರ್ ಬಿಟ್ಟು ಹೋಗಬೇಡಿ. ಕೇಸನ್ನು ಸೀಟಿನಿಂದ ತೆಗೆದು ನೆಲಕ್ಕೆ ಇಳಿಸಿ ಪಂಚೆ ಹೊದಿಸಿ, ಬಿಸಿ ಗಾಳಿ ಮೇಲೇರುವುದರಿಂದ ಕಾರಿನೊಳಗೆ ಕೆಳಗಿನ ಜಾಗವೇ ತಂಪು.

ತಲುಪಿದ ಮೇಲೆ

ಇಳಿದ ಕೂಡಲೇ ಕೇಸ್ ತೆರೆಯುವ ಚಪಲ ಎಲ್ಲರಿಗೂ ಇರುತ್ತದೆ. ಅರ್ಧ ಗಂಟೆ ತಡೆಯಿರಿ. ಕೋಣೆಯ ಹವೆಗೆ ಕೇಸು ಮೊದಲು ಹೊಂದಿಕೊಳ್ಳಲಿ, ಅಷ್ಟರಲ್ಲಿ ಕೇಬಲ್, ಪೆಡಲ್ ಜೋಡಿಸಬಹುದು. ನೈಟ್ರೊ ಬಣ್ಣದ ಗಿಟಾರ್‌ಗೆ ಇದು ಕಡ್ಡಾಯ.

ವೇದಿಕೆಯದೂ ಒಂದು ಬಿಸಿಲೇ. ಊರಹಬ್ಬದ ಬಯಲು ವೇದಿಕೆಯಲ್ಲಿ ಮಧ್ಯಾಹ್ನ ಸೌಂಡ್ ಚೆಕ್ ಮುಗಿಸಿ, ಗಿಟಾರನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಟೀಗೆ ಹೋಗುವ ಅಭ್ಯಾಸ ಬಹಳ ತಂಡಗಳಲ್ಲಿದೆ. ಕಪ್ಪು ಗಿಟಾರ್ ಮೇಲೆ ನೇರ ಬಿಸಿಲು ಬಿದ್ದರೆ ಕಾರಿನೊಳಗಿಗೂ ಅಲ್ಲಿಗೂ ಹೆಚ್ಚಿನ ವ್ಯತ್ಯಾಸ ಇಲ್ಲ. ತಗಡಿನ ಚಾವಣಿಯ ಕೆಳಗೆ ನೆರಳಿದ್ದರೂ ಕಾವು ಇಳಿಯುತ್ತಲೇ ಇರುತ್ತದೆ.

ಬಿಸಿಯಾಗಿಯೇ ಬಿಟ್ಟಿದ್ದರೆ

ಕೇಸ್ ಮುಟ್ಟಿದರೆ ಸುಡುತ್ತಿದೆ, ಥರ್ಮಾಮೀಟರ್ 50 ದಾಟಿದೆ. ಮೊದಲ ಮಾತು, ಶ್ರುತಿ ಏರಿಸಬೇಡಿ. ಬಿಸಿಗೆ ಉಕ್ಕಿನ ತಂತಿ ಹಿಗ್ಗಿ ಶ್ರುತಿ ಇಳಿದಿರುತ್ತದೆ. ಆಗಲೇ ಏರಿಸಿಬಿಟ್ಟರೆ, ಮೆತ್ತಗಾಗಿರುವ ಅಂಟಿನ ಮೇಲೆ ಎಳೆತ ಹೆಚ್ಚುತ್ತದೆ, ತಣ್ಣಗಾಗುತ್ತ ತಂತಿ ಕುಗ್ಗಿದಂತೆ ಎಳೆತ ಇನ್ನೂ ಏರುತ್ತದೆ. ಏರಿಸುವ ಬದಲು ಅರ್ಧ ಸ್ವರ ಇಳಿಸಿ.

ಕೇಸನ್ನು ನೆರಳಿರುವ, ಎ.ಸಿ. ಇಲ್ಲದ ಕೋಣೆಗೆ ತನ್ನಿ. ಚಿಲಕ ಬಿಚ್ಚಿ ಮುಚ್ಚಳವನ್ನು ಸ್ವಲ್ಪವೇ ಎತ್ತಿಡಿ. ಫ್ಯಾನಿನ ನೇರ ಕೆಳಗೆ ಬೇಡ, ಒದ್ದೆ ಬಟ್ಟೆ ಬೇಡ. ಮುಟ್ಟಿದಾಗ ಮರವೂ ಲೋಹವೂ ಕೋಣೆಯಷ್ಟೇ ತಂಪಾಗಿ ತಗುಲಿದ ಮೇಲೆ ಹೊರತೆಗೆದು ಶ್ರುತಿ ಮಾಡಿ.

ಆಮೇಲೆ ಪರೀಕ್ಷೆ. ಮೊದಲನೇ ಫ್ರೆಟ್ಟನ್ನೂ ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್ಟನ್ನೂ ಒಂದೇ ತಂತಿಯ ಮೇಲೆ ಒತ್ತಿ ಹಿಡಿದು ನಡುವೆ, ಏಳನೇ ಫ್ರೆಟ್ ಹತ್ತಿರ, ತಂತಿಗೂ ಫ್ರೆಟ್‌ಗೂ ಇರುವ ಸಂದು ನೋಡಿ. 0.2ರಿಂದ 0.3 ಮಿ.ಮೀ., ಅಂದರೆ ದಪ್ಪ ವಿಸಿಟಿಂಗ್ ಕಾರ್ಡ್ ಆಚೀಚೆ ಹೋಗುವಷ್ಟು, ಇದ್ದರೆ ಸರಿ. ಸಂದೇ ಇಲ್ಲದಿದ್ದರೆ ಅಥವಾ ತೀರಾ ಹೆಚ್ಚಾಗಿದ್ದರೆ ಒಂದೆರಡು ದಿನ ಕಾಯಿರಿ. ನೆಕ್ ತಾನಾಗಿ ಹಿಂದಿರುಗುವುದು ಬಹಳ ಸಲ ಆಗುತ್ತದೆ. ಅದೇ ದಿನ ಟ್ರಸ್ ರಾಡ್ ತಿರುಗಿಸಲು ಹೋಗಬೇಡಿ, ಗಾಬರಿಯಲ್ಲಿ ತಿರುಗಿಸಿದ ಸರಳು ಬಿಸಿಲಿಗಿಂತ ಹೆಚ್ಚು ಕೆಡಿಸುತ್ತದೆ. ನೆಕ್ ಬಾಡಿಗೆ ಸೇರುವ ಕಡೆ, ಫ್ರೆಟ್‌ಬೋರ್ಡಿನ ಉದ್ದಕ್ಕೂ ಉಗುರು ಓಡಿಸಿ. ಹೊಸ ಗೀರು ಅಥವಾ ಸಂದು ತಗುಲಿದರೆ ತಂತಿ ಸಡಿಲಿಸಿ ರಿಪೇರಿಯವರ ಹತ್ತಿರ ಒಯ್ಯಿರಿ. ಮನೆಯಲ್ಲಿರುವ ಫೆವಿಕಾಲ್ ತುಂಬಿಸಿದರೆ, ಆಮೇಲೆ ಅವರು ಅದನ್ನು ಕೆರೆದು ತೆಗೆಯುವ ಕೆಲಸವನ್ನೂ ಮಾಡಬೇಕಾಗುತ್ತದೆ, ಕೂಲಿಯೂ ಸೇರುತ್ತದೆ. ಕೊನೆಗೆ ಆಂಪ್‌ಗೆ ಹಾಕಿ, ಗೇನ್ ಏರಿಸಿ, ಪಿಕಪ್‌ನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಮೊದಲಿಗಿಂತ ಜೋರಾಗಿ ಟಕಟಕ ಕೇಳಿದರೆ, ಕೀರಿದರೆ, ಮೇಣ ಇಳಿದಿದೆ ಎಂದು ಲೆಕ್ಕ. ಪಿಕಪ್ ಬಿಚ್ಚಿ ಮತ್ತೆ ಮೇಣದಲ್ಲಿ ಅದ್ದಿಸಬಹುದು, ಹೊಸದು ಕೊಳ್ಳಬೇಕೆಂದೇನೂ ಇಲ್ಲ.

ಫ್ರೆಟ್ ತುದಿ ಚುಚ್ಚುತ್ತಿದ್ದರೆ ತಕ್ಷಣ ಅರ ಹಿಡಿಯಬೇಡಿ. ಮುಚ್ಚಳಕ್ಕೆ ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜ್ ಇಟ್ಟು, ಕೇಸಿನ ಖಾನೆಯಲ್ಲಿ ಒಂದೆರಡು ವಾರ ಬಿಡಿ. ನೀರು ತೊಟ್ಟಿಕ್ಕುವಂತಿರಬಾರದು, ಮೀಟರ್ ಶೇ. 55 ದಾಟಿದರೆ ಡಬ್ಬಿ ಹೊರಗೆ. ಮರ ತೇವ ಕುಡಿದು ಮೊದಲಿನಂತಾದರೆ ತುದಿಗಳು ತಾವಾಗಿ ಒಳಸೇರುತ್ತವೆ. ಆಗಲೂ ಚುಚ್ಚುವಷ್ಟು ಉಳಿದರೆ ಮಾತ್ರ ಉಜ್ಜಿಸಿ.